ಹೆಬ್ಬೂರಿನ ಏರಿನಲ್ಲಿ ನಿಲ್ಲುತ್ತಿದ್ದ ಲಾರಿ

ಗುಬ್ಬಿಯ ಕಾಯಿ ಮಂಡಿಯಲ್ಲಿ ಯಾರಿಗಾದರೂ ಸಿಟ್ಟು ನೆತ್ತಿಗೇರಿದರೆ, "ಯಾಕ್ಲಾ, ರಂಗಯ್ಯನ ಲಾರಿ ಕುದ್ದಂಗೆ ಕುದೀತೀಯ" ಅನ್ನುವ ಮಾತು ಹೋದ ಬೇಸಿಗೆಯಲ್ಲಿ ಚಾಲ್ತಿಗೆ ಬಂತು. ಹುಟ್ಟಿಸಿದವರು ಕಾಯಿ ತುಂಬುವ ಹಮಾಲರು. ಅವರನ್ನು ಬೈಯುವ ಹಾಗೂ ಇರಲಿಲ್ಲ. ವೆಂಕಟರಂಗಯ್ಯನ ಲಾರಿ ನಿಜಕ್ಕೂ ಕುದಿಯುತ್ತಿತ್ತು. ತೆಂಗಿನಕಾಯಿ ತುಂಬಿಕೊಂಡು ತುಮಕೂರಿನ ಮೇಲೆ ಕುಣಿಗಲ್ಲಿಗೆ ಹೊರಟರೆ, ಹೆಬ್ಬೂರು ದಾಟಿ ಏರು ಹತ್ತುವಾಗ ಅದರ ಮೂತಿಯಿಂದ ಹಬೆ ಏಳುತ್ತಿತ್ತು. ಹಿಂದೆ ಬಂದ ಬಸ್ಸಿನವರು ಹಾರ್ನ್ ಹೊಡೆದು, ಬೈದು, ಪಕ್ಕದಲ್ಲಿ ನುಗ್ಗಿ ಹೋಗುತ್ತಿದ್ದರು. ರಂಗಯ್ಯ ಮಾತ್ರ ಲಾರಿ ಬದಿಗೆ ಹಾಕಿ, ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು, ಕೆಳಗಿಳಿಯದೆ ಸುಮ್ಮನೆ ಕೂತಿರುತ್ತಿದ್ದ.

ಲಾರಿಗೆ ವಯಸ್ಸಾಗಿತ್ತು. ಈಗಿನವುಗಳ ಹಾಗೆ ಚಪ್ಪಟೆ ಮುಖದ್ದಲ್ಲ, ಮುಂದಕ್ಕೆ ಮೂತಿ ಚಾಚಿದ ಹಳೇ ಕಾಲದ್ದು. ರಂಗಯ್ಯ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಾಗ ಅವನ ಮಗಳು ಪ್ರಮೀಳಾ ಅಂಗನವಾಡಿಗೆ ಹೋಗುತ್ತಿದ್ದಳು. ಈಗ ಅದೇ ಪ್ರಮೀಳಾ ವಸಂತನರಸಾಪುರದ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಹತ್ತಾರು ಹೆಂಗಸರ ಮೇಲೆ ಸೂಪರ್‌ವೈಸರ್. ಬಟವಾಡಿಯಲ್ಲಿ ಗಂಡನ ಜೊತೆ ಬಾಡಿಗೆ ಮನೆ ಮಾಡಿಕೊಂಡಿದ್ದಳು. ತಾಯಿ ಮಂಗಳಗೌರಿ ತೀರಿಕೊಂಡ ಮೇಲೆ ಅಪ್ಪನನ್ನೂ ಅಲ್ಲಿಗೇ ಕರೆತಂದಿದ್ದಳು. ಅಪ್ಪ ಬಂದ, ಜೊತೆಗೆ ಲಾರಿಯೂ ಬಂತು. ಮನೆಯ ಮುಂದಿನ ಖಾಲಿ ಸೈಟಿನಲ್ಲಿ ನಿಂತು ಅಕ್ಕಪಕ್ಕದವರ ಬಿಸಿಲಿಗೆಲ್ಲ ಅಡ್ಡವಾಯಿತು.

ಒಂದು ಬೆಳಿಗ್ಗೆ ತಟ್ಟೆಗೆ ಚಿತ್ರಾನ್ನ ಹಾಕುತ್ತಾ ಪ್ರಮೀಳಾ ಹೇಳಿದಳು. "ಅಪ್ಪಾ, ಬೇಜಾರ್ ಮಾಡ್ಕೋಬೇಡ. ಗಾಡಿ ಇನ್ನೊಂದ್ ಸಲ ದಾರೀಲಿ ಕೈ ಕೊಟ್ರೆ ಗುಜರಿಗೆ ಹಾಕ್ಬುಡಣ. ಮಂಡಿಯೋರೂ ನಿಂಗೆ ಲೋಡ್ ಕೊಡಾಕೆ ಹಿಂದೇಟು ಹೊಡೀತಾವ್ರೆ. ಗುಜರಿಯೋನು ಬಂದು ನೋಡ್ಕೊಂಡೂ ಹೋಗವ್ನೆ."

"ಯಾವಾಗ?"

"ನಿನ್ನೆ, ನೀನು ಮಲಗಿದ್ದಾಗ."

ರಂಗಯ್ಯ ತಟ್ಟೆ ಪಕ್ಕಕ್ಕಿಟ್ಟ. ಯಾವನೋ ಬಂದು, ತಾನು ಗೊರಕೆ ಹೊಡೆಯುತ್ತಿದ್ದಾಗ, ತೆಂಗಿನಕಾಯಿ ಬಲಿತಿದೆಯೋ ಇಲ್ಲವೋ ಅಂತ ಬೆರಳಲ್ಲಿ ತಟ್ಟಿ ನೋಡುವ ಹಾಗೆ ತನ್ನ ಲಾರಿಯ ಮೈ ತಟ್ಟಿ ನೋಡಿ ಹೋಗಿದ್ದಾನೆ. ಅವನಿಗೆ ಸಂಕಟವಾಯಿತು. ಆದರೆ ಮಗಳ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಹಾಗಂತ ಅವನು ರಿಪೇರಿಗೆ ಜಿಪುಣತನ ಮಾಡಿದವನಲ್ಲ. ಗುಬ್ಬಿಯ ಮೆಕ್ಯಾನಿಕ್ಕು ಬೆಲ್ಟ್ ಸಡಿಲವಾಗಿದೆ, ಫ್ಯಾನ್ ಜೋರಾಗಿ ತಿರುಗುತ್ತಿಲ್ಲ ಅಂತ ಹೊಸ ಬೆಲ್ಟ್ ಹಾಕಿದ. ಕುದಿ ನಿಲ್ಲಲಿಲ್ಲ. ವಸಂತನರಸಾಪುರದ ರಸ್ತೆ ಬದಿಯ ಇನ್ನೊಬ್ಬ, ಎಂಜಿನ್ನಿನ ನೀರು ತಿರುಗಿಸುವ ಪಂಪನ್ನೇ ಬದಲಾಯಿಸಿದ. ನೀರಿನ ದಾರಿಯಲ್ಲಿದ್ದ ಥರ್ಮೋಸ್ಟಾಟನ್ನು ಕಿತ್ತು, "ಇದಿದ್ರೇನೇ ತಾಪತ್ರಯ, ನೀರು ಆರಾಮಾಗಿ ಓಡಾಡ್ಲಿ" ಅಂತ ಮೋರಿಗೆ ಎಸೆದ. ಲಾರಿ ಕೊಂಡಾಗಿನಿಂದ ಸತ್ತಿದ್ದ ಟೆಂಪ್ರೇಚರ್ ಮೀಟರಿನ ಜಾಗಕ್ಕೆ ಹೊಸದನ್ನು ಕೂರಿಸಿದ. ಅವನ ಕೈಗುಣವೋ ಏನೋ, ಅಲ್ಲಿಂದ ಬಂದ ಮೇಲೆ ಲಾರಿ ನಿಂತಲ್ಲೇ ಕುದಿಯತೊಡಗಿತು. ಕೊನೆಗೆ ರಂಗಯ್ಯ ಬಟವಾಡಿಯ ಹನುಮಂತರಾಜುವಿನ ಶೆಡ್ಡಿಗೆ ಬಂದ. ಅದು ಮಗಳ ಮನೆಯಿಂದ ಕೂಗಳತೆ ದೂರ. ಊರೆಲ್ಲ ಸುತ್ತಿ ಪಕ್ಕದ ಮನೆಯ ಬಾಗಿಲು ತಟ್ಟುವುದು ನಮ್ಮ ಜನಕ್ಕೆ ಹೊಸದೇನಲ್ಲ.

ಹನುಮಂತರಾಜು ರೇಡಿಯೇಟರ್ ಕೆಲಸ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಕೈಯಷ್ಟೇ ಬಾಯಿಯೂ ಓಡುವ ಮನುಷ್ಯ. ಬಾನೆಟ್ ಎತ್ತುವ ಮೊದಲೇ ಕೇಳಿದ.

"ರಂಗಣ್ಣ, ನಿಂತಾಗ ಹೀಟಾಗುತ್ತೋ, ಓಡೋವಾಗ ಹೀಟಾಗುತ್ತೋ?"

"ಎರಡೂ ಐತೆ ಕಣಪ್ಪ."

"ಹಂಗಾದ್ರೆ ಕಾಯಿಲೇನೂ ಎರಡೈತೆ. ನಿಂತಾಗ ಆದ್ರೆ ಗಾಳೀದು, ಏರು ಹತ್ತೋವಾಗ ಆದ್ರೆ ನೀರಿಂದು. ಮೊದ್ಲು ಗಾಳಿ ನೋಡಣ."

ಎಂಜಿನ್ ಚಾಲೂ ಮಾಡಿಸಿ, ಹಳೇ ಪೇಪರಿನ ಒಂದು ಹಾಳೆಯನ್ನು ಲಾರಿಯ ಮೂತಿಯ ಜಾಲರಿಗೆ ಹಿಡಿದ. ರೇಡಿಯೇಟರಿನ ಹಿಂದೆ ಇರುವ ಫ್ಯಾನ್ ಗಾಳಿಯನ್ನು ಒಳಕ್ಕೆ ಎಳೆಯಬೇಕು, ಎಳೆದರೆ ಹಾಳೆ ಅಂಟಿಕೊಂಡು ನಿಲ್ಲಬೇಕು. ಹಾಳೆ ಅಂಟಿದ ಹಾಗೆ ಮಾಡಿ ಜಾರಿ ಕೆಳಗೆ ಬಿತ್ತು. ಎಂಜಿನ್ ಆಫ್ ಮಾಡಿಸಿ, ಒಳಗೆ ಬಗ್ಗಿ ನೋಡಿದವನು ನಗತೊಡಗಿದ.

"ಪಂಪ್ ಹಾಕ್ದೋನು ಫ್ಯಾನ್ ಉಲ್ಟಾ ಕೂರ್ಸವ್ನೆ. ಬಿಚ್ಚಿದ್ದು ಗೊತ್ತು, ಹಾಕೋವಾಗ ಮುಖ ಯಾವುದು ಬೆನ್ನು ಯಾವುದು ಅಂತ ಮರೆತುಬುಟ್ಟವ್ನೆ. ತಿರುಗೋದು ತಿರುಗುತ್ತೆ, ಗಾಳಿ ಮಾತ್ರ ಬರಲ್ಲ."

ಫ್ಯಾನ್ ಬಿಚ್ಚಿ ತಿರುಗಿಸಿ ಕೂರಿಸಿದ ಮೇಲೆ ಹಾಳೆ ಜಾಲರಿಗೆ ಗಪ್ಪನೆ ಅಂಟಿ ನಿಂತಿತು. ರಂಗಯ್ಯ ಹೊರಡಲು ಎದ್ದ. ಹನುಮಂತರಾಜು ಬಿಡಲಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಬಿಟ್ಟು, ಆಫ್ ಮಾಡಿಸಿ, ರೇಡಿಯೇಟರಿನ ಮೇಲೆ ಅಂಗೈ ಆಡಿಸಿದ. ಹೊಟ್ಟೆನೋವಿನ ಮಗುವಿನ ಹೊಟ್ಟೆ ಮುಟ್ಟಿ ನೋಡುವ ಹಾಗೆ ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ.

"ಮೇಲೆ ಕೈ ಇಡಾಕಾಗಲ್ಲ, ಸುಡ್ತೈತೆ. ಮಧ್ಯ, ಕೆಳಗೆ ತಣ್ಣಗೆ. ಅಲ್ಲಿಗೆ ನೀರೇ ಹೋಗ್ತಾ ಇಲ್ಲ. ಒಳಗೆ ಏನೋ ಕಟ್ಕೊಂಡೈತೆ ರಂಗಣ್ಣ, ಅರ್ಧ ರೇಡಿಯೇಟರ್ ಸತ್ತೈತೆ. ಬಿಚ್ಚಿ ತೊಳೀಬೇಕು."

"ಅದೆಲ್ಲ ಬ್ಯಾಡ. ಫ್ಯಾನ್ ಸರಿಹೋಯ್ತಲ್ಲ, ಅಷ್ಟೇ ಸಾಕು."

"ಸಾಕಾಗಲ್ಲ. ಲೋಡ್ ಹಾಕ್ದಾಗ ಮತ್ತೆ ಕುದಿಯುತ್ತೆ."

"ಕುದಿಯಲಿ ಬುಡು" ಅಂದ ರಂಗಯ್ಯ, ಲಾರಿ ಹತ್ತಿ ಹೊರಟೇಹೋದ. ಹನುಮಂತರಾಜುವಿಗೆ ಇದು ವಿಚಿತ್ರವಾಗಿ ಕಂಡಿತು. ಖರ್ಚಿಗೆ ಹೆದರುವವರನ್ನು ಅವನು ಬೇಕಾದಷ್ಟು ನೋಡಿದ್ದ. ಕುದಿಯಲಿ ಅಂದವನನ್ನು ನೋಡಿರಲಿಲ್ಲ.

ಒಳಗೆ ಕಟ್ಟಿಕೊಂಡಿರುವುದು ಏನು ಅಂತ ರಂಗಯ್ಯನಿಗೆ ಗೊತ್ತಿತ್ತು. ಅದು ಅರಿಶಿನ.

ಪ್ರಮೀಳಾ ಹೈಸ್ಕೂಲು ದಾಟಿದ ವರ್ಷ ರಂಗಯ್ಯನ ಕ್ಲೀನರ್ ಫ್ಯಾಕ್ಟರಿ ಕೆಲಸ ಸಿಕ್ಕಿತು ಅಂತ ಬಿಟ್ಟುಹೋದ. ಹೊಸಬರು ಒಬ್ಬರೂ ನಿಲ್ಲಲಿಲ್ಲ. ಆಗ ಮಂಗಳಗೌರಿ, "ಎಡಗಡೆ ಕೂತ್ಕಂಡು ಹೋಗ್ಲಿ ಹೋಗ್ಲಿ ಅನ್ನಾಕೆ ಏನ್ ಓದಿರ್ಬೇಕಾ? ನಾನೇ ಬರ್ತೀನಿ ನಡೀರಿ" ಅಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿ ಹತ್ತಿದಳು. ಹಮಾಲರು ಮುಸಿಮುಸಿ ನಕ್ಕರು. ನಕ್ಕವರೇ ಒಂದೆರಡು ವಾರದಲ್ಲಿ ಅಕ್ಕಾ ಅಕ್ಕಾ ಅಂತ ಅವಳ ಡಬ್ಬಿಯ ಉಪ್ಪಿನಕಾಯಿಗೆ ಕೈ ಚಾಚತೊಡಗಿದರು. ಏರಿನಲ್ಲಿ ಲಾರಿ ನಿಂತರೆ ಇಳಿದು ಚಕ್ರಕ್ಕೆ ಕಲ್ಲು ಕೊಡುವುದು, ರಿವರ್ಸ್ ಹಾಕುವಾಗ ಹಿಂದೆ ನಿಂತು ಬಾಡಿ ಬಡಿಯುವುದು, ಬಾನೆಟ್ ಎತ್ತಿ ನೀರು ನೋಡುವುದು, ಎಲ್ಲ ಅವಳೇ. ಲಾರಿಯವರಲ್ಲಿ ಅದೊಂದು ಕಟ್ಟುಪಾಡು. ಡ್ರೈವರ್ ಆದವನು ಸ್ಟೇರಿಂಗ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಬಾನೆಟ್ ಎತ್ತುವುದು ಕ್ಲೀನರನ ಕೆಲಸ. ಹೆಂಡತಿಯೇ ಕ್ಲೀನರ್ ಆದರೂ ರಂಗಯ್ಯ ಆ ದೊಡ್ಡಸ್ತಿಕೆ ಬಿಟ್ಟವನಲ್ಲ.

ಒಮ್ಮೆ ಹೆಬ್ಬೂರು ದಾಟಿದ ಏರಿನಲ್ಲಿ ರೇಡಿಯೇಟರ್ ಸೋರಿ ಹಬೆ ಎದ್ದಿತು. ಹತ್ತಿರ ಮೆಕ್ಯಾನಿಕ್ಕಿಲ್ಲ, ಲಾರಿ ತುಂಬ ಕಾಯಿ. ರಂಗಯ್ಯ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಕೂತು ತಲೆ ಮೇಲೆ ಕೈ ಹೊತ್ತ. ಮಂಗಳಗೌರಿ, ಶುಕ್ರವಾರದ ಪೂಜೆಗೆ ಅಂತ ಲಾರಿಯಲ್ಲಿಟ್ಟಿದ್ದ ಅರಿಶಿನದ ಪೊಟ್ಟಣ ತಂದಳು.

"ಕೈ ಕುಯ್ಕಂಡ್ರೆ ಅರ್ಶಿಣ ಇಡಲ್ವಾ, ಇದ್ಕೂ ಹಾಕಣ."

"ಲಾರಿ ಏನು ನಿನ್ನ ಕೈ ಬೆರಳೇನೇ?"

"ಇರ್ಲಿ ಬುಡ್ರಿ, ಒಂದ್ ಚಿಟಿಕೆ ತಾನೆ."

ಲಾರಿ ತಣ್ಣಗಾದ ಮೇಲೆ ಚಿಟಿಕೆ ಚಿಟಿಕೆಯಾಗಿ ಹಾಕಿ ನೀರು ತುಂಬಿದಳು. ಅರಿಶಿನ ಹೋಗಿ ತೂತಿನ ಬಾಯಿಗೆ ಕೂತಿತೋ ಏನೋ, ಸೋರಿಕೆ ನಿಂತಿತು. ಲಾರಿಯವರು ಕಷ್ಟಕಾಲದಲ್ಲಿ ಮಾಡುವ ಹಳೇ ಉಪಾಯವೇ ಅದು ಅಂತ ಆಮೇಲೆ ಯಾರೋ ಹೇಳಿದರು. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ಪ್ರತಿ ಶುಕ್ರವಾರ ಲಾರಿಯ ದೀಪಗಳಿಗೆ ಬೊಟ್ಟಿಟ್ಟು, ಮುಚ್ಚಳ ತೆಗೆದು, ರೇಡಿಯೇಟರಿನ ಬಾಯಿಗೂ ಅರಿಶಿನ ಹಾಕುವುದು ರೂಢಿಯಾಯಿತು. ಹಾಗೆಯೇ ಆ ಏರಿನಲ್ಲಿ ನಿಲ್ಲುವುದೂ ರೂಢಿಯಾಯಿತು. ಹೊಂಗೆ ಮರ ಕಾಣುತ್ತಿದ್ದ ಹಾಗೆ ಅವಳು ಮೂಗು ಅರಳಿಸಿ, "ಯಾಕೋ ಹೀಟ್ ವಾಸ್ನೆ ಬರ್ತೈತೆ, ನಿಲ್ಸಿ" ಅನ್ನುತ್ತಿದ್ದಳು. ಮೀಟರ್ ಸತ್ತಿತ್ತು, ಅವಳ ಮೂಗೇ ಮೀಟರ್. ಅವನು ನಿಲ್ಲಿಸಿ ಮರದ ಕೆಳಗೆ ಕಾಲು ಚಾಚುತ್ತಿದ್ದ. ಅವಳು ನೀರಿನ ಕ್ಯಾನ್ ಹಿಡಿದು ಹೋಗಿ, ಬಾನೆಟ್ ಎತ್ತಿ, ಒಂದು ಗಳಿಗೆ ಅಲ್ಲೇ ನಿಂತು, "ತಣ್ಣಗಾಗ್ಲಿ, ಒಸಿ ಹೊತ್ತು ಬೇಕು" ಅಂತ ಬಂದು ಪಕ್ಕ ಕೂರುತ್ತಿದ್ದಳು. ಅದೇ ಕ್ಯಾನಿನ ನೀರಿನಲ್ಲಿ ಇಬ್ಬರೂ ಕೈ ತೊಳೆದು ಬುತ್ತಿ ಬಿಚ್ಚುತ್ತಿದ್ದರು.

ಗಂಡ ಹೆಂಡತಿ ಮಾತಾಡಿದ್ದೆಲ್ಲ ಆ ಮರದ ಕೆಳಗೆ. ಮನೆಯಲ್ಲಿ ರಂಗಯ್ಯ ಉಂಡ ತಕ್ಷಣ ಗೋಡೆಗೆ ತಿರುಗಿ ಮಲಗುವವನು. ದಾರಿಯಲ್ಲಿ ಎಂಜಿನ್ನಿನ ಗದ್ದಲಕ್ಕೆ ಪಕ್ಕದವರ ಮಾತು ಕೇಳುವುದಿಲ್ಲ. ಲಾರಿ ತಣ್ಣಗಾಗುವವರೆಗೆ ಮಾತ್ರ ಅವನು ಎಲ್ಲಿಗೂ ಓಡುವಂತಿರಲಿಲ್ಲ. ಪ್ರಮೀಳಾಳನ್ನು ಓದಿಸುವುದು, ಅವಳಿಗೆ ಬಂದ ಗಂಡಿನ ಬೆರಳಿನ ಉಗುರು ಕಚ್ಚುವ ಚಾಳಿ, ತಮ್ಮನ ಹೆಂಡತಿಯ ಬಿಗುಮಾನ, ಹೊಲದ ಬದುವಿನಲ್ಲಿ ಹಾಕಬೇಕಾದ ತೊಗರಿ, ತನಗೆ ರಾತ್ರಿ ಬಿದ್ದ ಕೆಟ್ಟ ಕನಸು, ಎಲ್ಲವನ್ನೂ ಅವಳು ಅಲ್ಲಿಯೇ ಹೇಳುತ್ತಿದ್ದಳು. ಅವನು ಹೂಂ ಅನ್ನುತ್ತಾ ಅನ್ನುತ್ತಾ ತಾನೂ ಎರಡು ಮಾತು ಸೇರಿಸುತ್ತಿದ್ದ. ಎಷ್ಟೋ ಹೊತ್ತಿನ ಮೇಲೆ ಅವಳೇ ಎದ್ದು ಹೋಗಿ ಮೂತಿ ಮುಟ್ಟಿ, "ಆಯ್ತು, ನಡೀರಿ" ಅನ್ನುತ್ತಿದ್ದಳು.

ಹೋದ ವರ್ಷದ ಹಿಂದಿನ ವರ್ಷ ಒಂದು ಜ್ವರದ ನೆಪದಲ್ಲಿ ಮಂಗಳಗೌರಿ ಹೊರಟುಹೋದಳು. ಅರಿಶಿನ ಕುಂಕುಮ ಇಟ್ಟುಕೊಂಡು ಹೋದಳು, ಪುಣ್ಯವಂತೆ, ಅಂತ ಬಂದವರೆಲ್ಲ ಅಂದರು. ಪುಣ್ಯ ಅವಳ ಪಾಲಿಗೆ ಬಂತು, ನನ್ನ ಪಾಲಿಗೇನು ಬಂತು ಅಂತ ರಂಗಯ್ಯ ಯಾರನ್ನೂ ಕೇಳಲಿಲ್ಲ. ಶುಕ್ರವಾರ ಬಂದಾಗ ತಾನೇ ದೀಪಗಳಿಗೆ ಬೊಟ್ಟಿಟ್ಟ. ಮುಚ್ಚಳ ತೆಗೆದು ಅರಿಶಿನ ಹಾಕಿದ. ಎಷ್ಟು ಹಾಕಬೇಕೋ ತಿಳಿಯದು, ಕೇಳೋಣವೆಂದರೆ ಅವಳಿಲ್ಲ. ಒಂದು ಹಿಡಿ ಹಾಕಿದ. ಮುಂದಿನ ವಾರ ಇನ್ನೊಂದು ಹಿಡಿ.

ವಾರಗಳು ಕಳೆದು ಬೇಸಿಗೆ ಬಂದಾಗ ಏರಿನಲ್ಲಿ ಲಾರಿ ಕುದಿಯಿತು. ಹಬೆ ಎದ್ದು ಕ್ಯಾಬಿನ್ನಿನ ಒಳಗೆಲ್ಲ ತುಂಬಿತು. ಅದರಲ್ಲಿ ಬೆಂದ ಅರಿಶಿನದ ವಾಸನೆ ಇತ್ತು. ಮಂಗಳಗೌರಿ ಶುಕ್ರವಾರ ಕೆನ್ನೆಗೆ ಅರಿಶಿನ ಹಚ್ಚಿ ಬಿಸಿನೀರು ಹುಯ್ದುಕೊಂಡು ಬಚ್ಚಲಿಂದ ಹೊರಗೆ ಬಂದಾಗ ಬರುತ್ತಿದ್ದ ವಾಸನೆ. ರಂಗಯ್ಯ ಎಡಗಡೆಗೆ ತಿರುಗಿ ನೋಡಿದ. ಸೀಟು ಖಾಲಿ ಇತ್ತು, ಆದರೆ ವಾಸನೆ ಇತ್ತು. ಅವಳು ಸತ್ತ ಮೇಲೆ ಮೊದಲ ಸಲ ಅವನು ಅತ್ತದ್ದು ಅಂದು. ಆಮೇಲೆ ಲಾರಿ ಕುದಿದಾಗಲೆಲ್ಲ ಅವನು ಇಳಿಯದೆ ಕೂತಿರುತ್ತಿದ್ದುದು ಅದಕ್ಕೇ. ಊರು ಲಾರಿಯ ಕಾಯಿಲೆಯ ಬಗ್ಗೆ ಆಡಿಕೊಳ್ಳುತ್ತಿತ್ತು, ಅವನು ಆ ಕಾಯಿಲೆಗಾಗಿಯೇ ಏರು ಹತ್ತುತ್ತಿದ್ದ. ಬೆಲ್ಟು, ಪಂಪು ಹಾಕಿಸಿದ್ದು ಮಗಳ, ಮಂಡಿಯವರ ಮಾತಿಗೆ; ರೇಡಿಯೇಟರ್ ತೊಳೆದರೆ ಮಾತ್ರ ಅವಳೂ ಹೋಗುತ್ತಾಳೆ ಅನ್ನುವುದು ಅವನ ಭಯ.

ಫ್ಯಾನ್ ಸರಿಮಾಡಿಸಿಕೊಂಡು ಹೋದ ವಾರವೇ ಹನುಮಂತರಾಜು ಹೇಳಿದ್ದು ನಿಜವಾಯಿತು. ಮಂಡಿಯಲ್ಲಿ ಎಷ್ಟು ಹೊತ್ತು ನಿಂತರೂ ಲಾರಿ ತಣ್ಣಗಿತ್ತು. ಏರು ಹತ್ತಿದ್ದೇ ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಕೂತಿತು, ಹಬೆ ಎದ್ದಿತು. ರಂಗಯ್ಯ ಕಣ್ಣು ಮುಚ್ಚಿ ಕೂತ. ಆದರೆ ಈ ಸಲ ಎಂಜಿನ್ನಿನ ಒಳಗಿಂದ ಕಟಕಟ ಅಂತ ಸದ್ದು ಬಂತು, ಕಲ್ಲು ಅಗಿದ ಹಾಗೆ. ಅವನು ಗಾಬರಿಬಿದ್ದು ಆಫ್ ಮಾಡಿದ. ಕಾಯಿಯನ್ನು ಬೇರೆ ಲಾರಿಗೆ ಹಾಕಿ ಕಳಿಸಿ, ತನ್ನದನ್ನು ಇನ್ನೊಂದು ಲಾರಿಗೆ ಕಟ್ಟಿಸಿ ಬಟವಾಡಿಗೆ ಎಳೆಸಿಕೊಂಡು ಬಂದ. ಬಾಗಿಲಲ್ಲಿ ನಿಂತಿದ್ದ ಪ್ರಮೀಳಾ ಫೋನ್ ಕೈಗೆ ತಗೊಂಡಳು.

"ಗುಜರಿಯೋನ್ಗೆ ಮಾಡ್ತಾ ಇದೀಯಾ?"

"ಇನ್ನೇನು ಮಾಡ್ಲಿ ಅಪ್ಪಾ? ನೀನು ದಾರೀಲಿ ಎಲ್ಲಾದ್ರೂ ಬಿದ್ರೆ ನನ್ ಗತಿ?" ಅವಳ ಕಣ್ಣು ತುಂಬಿತ್ತು.

"ಒಂದ್ ದಿನ ತಡಿಯವ್ವಾ" ಅಂದು ರಂಗಯ್ಯ ಶೆಡ್ಡಿಗೆ ನಡೆದ.

ಲಾರಿಯನ್ನು ಶೆಡ್ಡಿಗೆ ಎಳೆಸಿಕೊಂಡು, ಹನುಮಂತರಾಜು ಎಂಜಿನ್ನಿನ ಎಣ್ಣೆ ನೋಡಿದ, ಕೈಯಲ್ಲಿ ತಿರುಗಿಸಿ ನೋಡಿದ. "ಇನ್ನೂ ಜೀವ ಐತೆ. ಇನ್ನೊಂದ್ ಸಲ ಹಿಂಗಾದ್ರೆ ಎಂಜಿನ್ ಹಿಡ್ಕಂಬುಡುತ್ತೆ. ಆಗ ನಾನಿರ್ಲಿ, ಆ ತಿಮ್ಮಪ್ಪನೇ ಬಂದ್ರೂ ಗುಜರೀನೇ. ಬಿಚ್ಲಾ, ಬ್ಯಾಡ್ವಾ? ಹೇಳ್ಬುಡಿ."

ರಂಗಯ್ಯ ಎಡಗಡೆಯ ಬಾಗಿಲ ಹತ್ತಿರ ಹೋಗಿ ನಿಂತ. ತೊಳೆದರೆ ವಾಸನೆ ಹೋಗುತ್ತದೆ, ತೊಳೆಯದಿದ್ದರೆ ಅವಳು ಕೂರುತ್ತಿದ್ದ ಸೀಟು, ಅವಳ ಕೈ ತಗುಲಿ ತಗುಲಿ ನುಣುಪಾದ ಆ ಬಾಗಿಲ ಹಿಡಿ, ಎಲ್ಲ ಹೋಗುತ್ತದೆ. ಆ ಹಿಡಿಯ ಮೇಲೆ ಅಂಗೈ ಇಟ್ಟು, "ಬಿಚ್ಚಪ್ಪ" ಅಂದ.

ರೇಡಿಯೇಟರನ್ನು ಇಳಿಸಿ, ಬೆಸುಗೆ ಕರಗಿಸಿ ಮೇಲಿನ ತೊಟ್ಟಿ ತೆಗೆದಾಗ ಹನುಮಂತರಾಜು ಬಗ್ಗಿ ಇಣುಕಿದ. ಕೊಳವೆಗಳ ಬಾಯಿಗೆಲ್ಲ ಹಳದಿ ಕೆಸರು. ಸಣ್ಣ ಸಲಾಕೆ ತೂರಿಸಿ ನೀರು ಬಿಟ್ಟರೆ ಹಳದಿಯೇ ಬಂತು. ಶೆಡ್ಡಿನ ನೆಲ, ಮುಂದಿನ ಮೋರಿ, ಅವನ ಕೈ, ಎಲ್ಲ ಹಳದಿಯಾಯಿತು.

"ಏನ್ ರಂಗಣ್ಣ, ಲಾರಿಗೆ ಮದ್ವೆ ಏನಾದ್ರೂ ಮಾಡ್ತಾ ಇದ್ರಾ? ಒಂದ್ ಛತ್ರಕ್ಕಾಗೋವಷ್ಟು ಅರ್ಶಿಣ ಐತಲ್ಲ."

"ನಮ್ಮನೆಯೋಳು ಹಾಕ್ತಿದ್ಲು ಕಣಪ್ಪ. ಅವಳು ಹೋದ್ಮೇಲೆ ನಾನು." ಮೋರಿಗೆ ಹರಿಯುವ ಹಳದಿ ನೀರನ್ನೇ ನೋಡುತ್ತಾ ರಂಗಯ್ಯ ಹೇಳಿದ. ಸೋರಿಕೆಯ ಕಥೆ, ಶುಕ್ರವಾರದ ಕಥೆ ಎಲ್ಲ ಹೇಳಿದ. ವಾಸನೆಯ ಮಾತು ಮಾತ್ರ ಹೇಳಲಿಲ್ಲ.

ಹನುಮಂತರಾಜು ತಮಾಷೆ ಬಿಟ್ಟ. ಒಂದು ಕೊಳವೆಯ ಮೂಲೆಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ಕಪ್ಪಿಟ್ಟಿದ್ದ ಚೂರೊಂದನ್ನು ಉಗುರಲ್ಲಿ ಕೆರೆದು ತೋರಿಸಿದ. "ಇದು ಅಕ್ಕ ಹಾಕಿದ್ದು. ಸರಿಯಾಗಿ ತೂತಿನ ಮೇಲೇ ಕೂತೈತೆ, ಇಷ್ಟು ವರ್ಷ ಹನಿ ನೀರು ಬಿಟ್ಟಿಲ್ಲ. ಆಮೇಲೆ ಅವ್ರು ಹಾಕಿದ್ ಚಿಟಿಕೆ ಎಲ್ಲ ನೀರ್ ಜೊತೆ ಹೋಗೈತೆ. ಈ ಕೆಸರೆಲ್ಲ ಹೊಸದು. ಇದು ನಿಮ್ದು." ಆ ಚೂರನ್ನೂ ತೆಗೆದು ತೂತಿಗೆ ಬೆಸುಗೆ ಹಾಕಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ ಅಂದ. ರಂಗಯ್ಯ ತಲೆಯಾಡಿಸಿದ. ಅವಳದು ಚಿಟಿಕೆ, ತನ್ನದು ಹಿಡಿ. ಪ್ರೀತಿ ಹೆಚ್ಚಾಗಿ ಲಾರಿಯ ಕತ್ತು ಹಿಸುಕಿದವನು ತಾನೇ ಅಂತ ಅವನಿಗೆ ಈಗ ತಿಳಿಯಿತು. ನಾಚಿಕೆಯಾಯಿತು.

"ಆದ್ರೂ ರಾಜು, ಇದು ಅವಳ ಕಾಲದಾಗೂ ಹೀಟಾಗ್ತಿತ್ತು. ಹೆಬ್ಬೂರು ಏರಲ್ಲಿ ಒಂದ್ ದಿನಾನೂ ತಪ್ಪುಸ್ತಿರ್ಲಿಲ್ಲ."

"ಸಾಧ್ಯಾನೇ ಇಲ್ಲ."

"ನಾನೇನು ಸುಳ್ಳು ಹೇಳ್ತೀನಾ? ವರ್ಷಗಟ್ಲೆ ನಿಲ್ಸಿದೀನಿ."

ಹನುಮಂತರಾಜು ಅವನನ್ನು ಎಂಜಿನ್ನಿನ ಹತ್ತಿರ ಕರೆದು ಟಾರ್ಚ್ ಬಿಟ್ಟ. "ಇಲ್ನೋಡಿ, ಎಂಜಿನ್ ಮೇಲಿನ ಮುಚ್ಚಳದ್ದು, ಹೆಡ್ ಬೋಲ್ಟು. ಕಂಪನಿ ಪೇಂಟ್ ಇನ್ನೂ ಹಂಗೇ ಐತೆ. ಒಂದ್ ಸಲಾನೂ ಸ್ಪ್ಯಾನರ್ ಬಿದ್ದಿಲ್ಲ. ಟ್ರಿಪ್ಪಿಗೊಂದ್ ಸಲ, ವರ್ಷಗಟ್ಲೆ ಹೀಟಾಗಿದ್ರೆ ಹೆಡ್ ಬಾಗಿ, ಗ್ಯಾಸ್ಕೆಟ್ ಸುಟ್ಟು, ಇಷ್ಟೊತ್ಗೆ ಎಷ್ಟು ಸಲ ಬಿಚ್ಚಿರ್ಬೇಕಾಗಿತ್ತು. ಒಂದು ಬೇಸಿಗೆ ಕುದಿ ತಡ್ಕಂಡೈತೆ, ಅಷ್ಟೇ. ಆಗ ಹಬೆ ಗಿಬೆ ಬರ್ತಿತ್ತಾ? ನೀವು ಬಾನೆಟ್ ಎತ್ತಿ ನೋಡಿದ್ರಾ?"

ಬಾನೆಟ್ ಎತ್ತುವುದು ಕ್ಲೀನರನ ಕೆಲಸ ಅನ್ನಲು ರಂಗಯ್ಯ ಬಾಯಿ ತೆರೆದ. ಆಗ ಅವನಿಗೆ ನೆನಪಾಯಿತು. ಹಬೆ ಕಂಡದ್ದು ಆ ಮೊದಲ ಸಲ ಮಾತ್ರ. ಆಮೇಲೆ ಯಾವತ್ತೂ ಹಬೆ ಇರಲಿಲ್ಲ. ಇದ್ದದ್ದು ಅವಳ ಮಾತು. ಮತ್ತೆ ಆ ಕ್ಯಾನು. ಅವಳು ತುಂಬಿದ ಕ್ಯಾನ್ ಹಿಡಿದು ಹೋಗುತ್ತಿದ್ದಳು, ತುಂಬಿದ ಕ್ಯಾನನ್ನೇ ಹಿಡಿದು ಬರುತ್ತಿದ್ದಳು. ಬಾಯಾರಿದ ಲಾರಿ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ. ಕೈ ತೊಳೆದದ್ದು, ಕುಡಿದದ್ದು ಎಲ್ಲ ಅದೇ ನೀರು. ಅಷ್ಟು ವರ್ಷ ಪಕ್ಕದಲ್ಲೇ ಕೂತು ಅವನು ಅದನ್ನು ನೋಡಿದ್ದ, ಆದರೆ ಗಮನಿಸಿರಲಿಲ್ಲ.

"ಏನಾಯ್ತು ರಂಗಣ್ಣ?"

"ಏನಿಲ್ಲ ಕಣಪ್ಪ, ಕೆಲ್ಸ ಮಾಡು" ಅಂದು ಅವನು ಹೊರಗೆ ಬಂದು ಕಲ್ಲಿನ ಮೇಲೆ ಕೂತ. ಮೋರಿಯಲ್ಲಿ ನೀರು ಹಳದಿ ಕಳೆದು ತಿಳಿಯಾಗುತ್ತಾ ಬಂದಿತ್ತು.

ಲಾರಿಗೆ ಹೊಸ ಥರ್ಮೋಸ್ಟಾಟ್ ಬಂತು, ತೊಳೆದ ರೇಡಿಯೇಟರ್ ಕೂತಿತು. ಹನುಮಂತರಾಜು ಅಂಗೈ ಆಡಿಸಿ, ಎಲ್ಲ ಕಡೆ ಒಂದೇ ಸಮ ಬಿಸಿ ಇದೆ ಅಂತ ತೋರಿಸಿದ. "ಇನ್ಮೇಲೆ ಅರ್ಶಿಣ ಹೊರಗಡೆ ಹಚ್ಚಿ, ಒಳಗಡೆ ಬ್ಯಾಡ" ಅಂದ. ಪ್ರಮೀಳಾ ಬಂದು ನೋಡಿ, ಗುಜರಿಯವನಿಗೆ ಫೋನ್ ಮಾಡಿ ಬರುವುದು ಬೇಡ ಅಂದಳು. ಸೋಮವಾರ ಗುಬ್ಬಿಯಲ್ಲಿ ಲೋಡು ಸಿಕ್ಕಿತು. ಹಮಾಲರು ಹೊಸದಾಗಿ ಏನೋ ಹಾಸ್ಯ ಮಾಡಿದರು. ರಂಗಯ್ಯ ಕೇಳಿಸಿಕೊಳ್ಳಲಿಲ್ಲ.

ಹೆಬ್ಬೂರು ದಾಟಿತು. ಏರು ಶುರುವಾಯಿತು. ಲಾರಿ ಮೈತುಂಬ ಕಾಯಿ ಹೊತ್ತು ಗುಂಯ್ ಅಂತ ಹತ್ತತೊಡಗಿತು. ರಂಗಯ್ಯನ ಕಣ್ಣು ರಸ್ತೆಗಿಂತ ಹೆಚ್ಚು ಮೀಟರಿನ ಮೇಲಿತ್ತು. ಮುಳ್ಳು ನಡುವಿಗೆ ಬಂದು ನಿಂತಿತು, ಅಲ್ಲಿಂದ ಅಲುಗಾಡಲಿಲ್ಲ. ಹಬೆ ಇಲ್ಲ, ವಾಸನೆ ಇಲ್ಲ. ಕಿಟಕಿಯಿಂದ ಬರೀ ಗಾಳಿ ಬಂತು. ಇಂಥ ಒಳ್ಳೆಯ ಲಾರಿಯನ್ನು ಅವನು ಓಡಿಸಿಯೇ ಎಷ್ಟು ಕಾಲವಾಗಿತ್ತು. ಆದರೂ ಎದೆಯಲ್ಲಿ ಏನೋ ಕಳೆದುಕೊಂಡ ಹಾಗೆ ಆಗುತ್ತಿತ್ತು. ಮುಂದೆ ಹೊಂಗೆ ಮರ ಕಂಡಿತು. ನಿಲ್ಲಿಸಲು ಕಾರಣವೇ ಇರಲಿಲ್ಲ.

ರಂಗಯ್ಯ ಇಂಡಿಕೇಟರ್ ಹಾಕಿ ಬದಿಗೆ ತಂದು ನಿಲ್ಲಿಸಿದ. ಎಂಜಿನ್ ಆಫ್ ಮಾಡಿದಾಗ ಸುತ್ತಲೂ ಸದ್ದೆಲ್ಲ ಅಡಗಿತು. ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಜೀವಮಾನದಲ್ಲಿ ಮೊದಲ ಸಲ ಆ ಮರದ ಕೆಳಗೆ ಬಾನೆಟ್ಟನ್ನು ತಾನೇ ಎತ್ತಿದ. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಗಳಿಗೆ ನಿಂತ. ಅಲ್ಲಿಂದ ಮರದ ಬುಡ ನೆಟ್ಟಗೆ ಕಾಣುತ್ತಿತ್ತು. ಕಾಲು ಚಾಚಿ ಕೂತ ಗಂಡನನ್ನು ಅವಳು ಇಲ್ಲಿಂದ ದಿನಾ ನೋಡಿರಬೇಕು. ಕ್ಯಾನ್ ಹಿಡಿದು ಬಂದು ಬೇರಿನ ಮೇಲೆ ಕೂತ.

"ಕಳ್ಳಿ" ಅಂದ ಗಟ್ಟಿಯಾಗಿ. "ಮಾತಾಡ್ಬೇಕು ನಿಲ್ಸಿ ಅಂದಿದ್ರೆ ನಾನು ನಿಲ್ಸ್ತಿರ್ಲಿಲ್ವೇನೇ?"

ಕೇಳಿದ ಮೇಲೆ ಅವನೇ ಯೋಚಿಸಿದ. ನಿಲ್ಲಿಸುತ್ತಿರಲಿಲ್ಲ. ಮಂಡಿಗೆ ಹೊತ್ತಾಗುತ್ತದೆ, ಮನೆಗೆ ಹೋಗಿ ಮಾತಾಡಿದರಾಯಿತು ಅಂತ ಗೇರ್ ಬದಲಾಯಿಸುತ್ತಿದ್ದ. ಮನೆಗೆ ಹೋಗಿ ಗೋಡೆಗೆ ತಿರುಗಿ ಮಲಗುತ್ತಿದ್ದ. ಅವನನ್ನು ಅವಳು ಚೆನ್ನಾಗಿ ತಿಳಿದಿದ್ದಳು. ರಂಗಯ್ಯ ಟವೆಲಿನಲ್ಲಿ ಮುಖ ಒರೆಸಿಕೊಂಡ, ಕ್ಯಾನಿನ ನೀರಲ್ಲಿ ಕೈ ತೊಳೆದು ಬುತ್ತಿ ಬಿಚ್ಚಿದ.

ಕುಣಿಗಲ್ ಕಡೆಯಿಂದ ಬಂದ ಬೈಕಿನವನೊಬ್ಬ, ಎತ್ತಿದ ಬಾನೆಟ್ ನೋಡಿ ಕಾಲೂರಿ ನಿಂತ. "ಏನ್ ಯಜಮಾನ್ರೇ, ಗಾಡಿ ಹೀಟಾಯ್ತಾ? ನೀರ್ ಗೀರ್ ಬೇಕಾ?"

ರಂಗಯ್ಯ ಲಾರಿಯ ಕಡೆ ನೋಡಿದ.

"ಹೂಂ ಕಣಪ್ಪ, ಒಸಿ ಹೀಟಾಗೈತೆ. ನೀರೈತೆ, ನೀನು ನಡಿ. ತಣ್ಣಗಾಗ್ಲಿ ಅಂತ ಕೂತಿದೀವಿ."